ಮಾವನವರು ಕೇಳದ ಕೊನೆಯ ಅಧ್ಯಾಯ

ಹೋದ ವಾರ ಅಟ್ಟದ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆಯ ಜೊತೆ ಒಂದು ಐತಿಹಾಸಿಕ ಕಾದಂಬರಿ ಕೈಗೆ ಬಂತು. ಚಿತ್ರದುರ್ಗದಲ್ಲಿ ಬಿ.ಎ. ಓದುವ ಮಗಳು, "ಅಮ್ಮ, ರಜೆಗೆ ಇತಿಹಾಸದ್ದು ಏನಾದ್ರೂ ಒಳ್ಳೇ ಪುಸ್ತಕ ಹೇಳು" ಎಂದಿದ್ದಳು. ಅದಕ್ಕೇ ಈ ಹುಡುಕಾಟ. ಪುಸ್ತಕ ಸಿಕ್ಕಿತು, ಮಾವನವರೂ ನೆನಪಾದರು.

ಹೊಳಲ್ಕೆರೆಯಿಂದ ಹಿರಿಯೂರಿಗೆ ಸೊಸೆಯಾಗಿ ಬಂದಾಗ ನಾನು ತಂದದ್ದು ಸೀರೆಗಿಂತ ಕಾದಂಬರಿಗಳೇ ಹೆಚ್ಚು. ನಗಬೇಡಿ, ಒಳಗೆ ಒಡವೆಯಿರಬೇಕೆಂದು ಟ್ರಂಕು ಎತ್ತಿದ ನಾದಿನಿ ಸೊಂಟ ಹಿಡಿದುಕೊಂಡು ಕೂತಿದ್ದಳು. ಮಾವನವರು ಹಿರೇಗುಂಟನೂರಿನ ಕುರಿ ಸಾಕುವ ಮನೆತನದವರು, ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದವರು. ಅವರ ಓದೆಲ್ಲ ಇತಿಹಾಸ ಮತ್ತು ಜೀವನಚರಿತ್ರೆ.

"ಇವೆಲ್ಲಾ ಸುಳ್ಳು ಕಣಮ್ಮ" ಎಂದರು ನನ್ನ ಪುಸ್ತಕಗಳನ್ನು ನೋಡಿ. "ಮೊದ್ಲು ಒಬ್ಬ ಮನುಷ್ಯಂದು ಜೀವನಚರಿತ್ರೆ ಓದು. ಆಮೇಲೆ ಅವನ ಕಾಲದ ಇತಿಹಾಸ ಓದು. ಅವಾಗ ತಿಳೀತೈತೆ."

ನಾನು ಸುಮ್ಮನಿರುವವಳೇ? "ಯುದ್ಧದ ದಿನ ಜನ ಏನು ಉಂಡ್ರು ಅಂತ ನಿಮ್ಮ ಇತಿಹಾಸ ಹೇಳ್ತೈತಾ, ಮಾವ?"

"ಹೊಟ್ಟೆ ಸುದ್ದಿ ಬಿಟ್ರೆ ನಿಂಗೆ ಬ್ಯಾರೆ ಇಲ್ಲ" ಎಂದು ನಗುತ್ತಿದ್ದರು. ಆದರೂ ಅವರು ಹೇಳಿದ ಕ್ರಮದಲ್ಲೇ ಓದಿದೆ. ಇಂದಿಗೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ, ನನ್ನದೇ ಬುದ್ಧಿಯೆಂಬಂತೆ.

ಕೆಲವು ವರ್ಷಗಳಲ್ಲಿ ಅವರ ಕಣ್ಣು ಮಂಜಾಯಿತು. ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನ, "ನೀನೇನೋ ಓದ್ತಿದ್ದೀಯಲ್ಲ, ಅದನ್ನೇ ಗಟ್ಟಿಯಾಗಿ ಓದು. ಸುಳ್ಳಾದ್ರೂ ಕೇಳಾಣ" ಎಂದರು.

ಆಗ ಓದುತ್ತಿದ್ದುದು ಈ ಕಾದಂಬರಿಯನ್ನೇ. ಕಥೆ ನಮ್ಮ ದುರ್ಗದ ಕೋಟೆಯದು, ಸುತ್ತ ಶತ್ರುಸೈನ್ಯ. ಬಾಗಿಲ ಬಳಿ ಕೂತು ಮೊಸರು ಮಾರುವ ಒಬ್ಬ ವಿಧವೆ ನಡುನಡುವೆ ಬಂದುಹೋಗುತ್ತಾಳೆ. ಮಾವನವರಿಗೆ ರಾಜ, ದಳವಾಯಿ ಯಾರೂ ಬೇಡವಾದರು.

"ಮೊಸರಿನಾಕೆ ಬಂದ್ಲಾ?"

"ಇಲ್ಲ ಮಾವ, ಯುದ್ಧ ನಡೀತೈತೆ."

"ಅದು ಬಿಡು. ಆಕೆ ಬರೋ ತಾವ ಓದು."

"ಅವಳು ಇತಿಹಾಸದಾಗೇ ಇಲ್ಲ, ಬರೀ ಕಲ್ಪನೆ" ಎಂದು ಕೆಣಕಿದೆ.

"ಯಾಕೆ, ಇತಿಹಾಸ ಬರ್ದೋರು ಮೊಸರು ಉಂಡಿಲ್ವೇನು?"

ಕೊನೆಯ ಅಧ್ಯಾಯವೊಂದೇ ಉಳಿದ ದಿನ ಅವರು ಕೈ ಅಡ್ಡ ಹಿಡಿದರು. "ಬ್ಯಾಡಮ್ಮ. ಕೋಟೆ ಬೀಳ್ತೈತೆ, ಅದು ಗೊತ್ತು. ಆಕೆ ಏನಾದ್ಲು ಅಂತ ಗೊತ್ತಾಗೋದು ಬ್ಯಾಡ."

ಆ ಬೇಸಿಗೆಯಲ್ಲೇ ಅವರು ತೀರಿಹೋದರು. ನಾನೂ ಪುಸ್ತಕ ಮುಂದೆ ಓದಲಿಲ್ಲ. ಒಬ್ಬಳೇ ಓದುವುದೆಂದರೆ ಅವರನ್ನು ಬಿಟ್ಟು ಊಟಕ್ಕೆ ಕೂತ ಹಾಗೆ ಅನಿಸುತ್ತಿತ್ತು. ಮಧ್ಯಾಹ್ನಗಳು ಮಾತ್ರ ಬಹಳ ಉದ್ದವಾದವು.

ರಜೆಗೆ ಬಂದ ಮಗಳು ನಿನ್ನೆ ಅದನ್ನು ಓದಿ ಮುಗಿಸಿದಳು. ಎದೆ ಗಟ್ಟಿಮಾಡಿಕೊಂಡು ಕೇಳಿದೆ: "ಆ ಮೊಸರಿನಾಕೆ ಏನಾದ್ಲೇ?"

"ಯಾರಮ್ಮ? ಓ, ಅವಳಾ? ಕೊನೇಲಿ ಅವಳ ಸುದ್ದಿನೇ ಇಲ್ಲ. ಬರ್ದೋರು ಮರ್ತಿರ್ಬೇಕು."

ಇಷ್ಟು ವರ್ಷ ಹೆದರಿದ್ದು ಇದಕ್ಕಾ! ಮಾವನವರಿಗೆ ಈಗಲೇ ಹೇಳಬೇಕೆನಿಸಿ ಪಡಸಾಲೆಯ ಕಡೆ ತಿರುಗಿದೆ. ಅಲ್ಲಿ ಮಗಳ ಬ್ಯಾಗು ಬಿದ್ದಿತ್ತು. ಅದನ್ನೆತ್ತಿ ಮೂಲೆಗಿಟ್ಟೆ.

ಆಮೇಲೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. "ಕೋಟೆ ಬಿದ್ದ ದಿನ ಆಕೆ ಹರಿಯಬ್ಬೆ ಊರಿನ ದಾರಿ ಹಿಡಿದ್ಲು. ಅಲ್ಲಿ ಎರಡು ಎಮ್ಮೆ ಕಟ್ಕೊಂಡ್ಲು."

"ಇದು ಪುಸ್ತಕದಾಗೆ ಇಲ್ವಲ್ಲಮ್ಮ!"

"ಇಲ್ಲ. ಮುಂದೆ ಕೇಳು" ಎಂದೆ.