ಶರಣಬಸಮ್ಮನ ಕಂಬಳಿ ಸಾಲಿ

ಕುರಿಯವರಿಗೆ ಅಕ್ಷರ ಯಾಕೆ ಎಂದು ಕಂಗ್ಟಿ ಸಂತೆಯಲ್ಲಿ ಯಾರಾದರೂ ಕೇಳಿದರೆ, ಪಲ್ಯಕ್ಕೆ ಉಪ್ಪು ಯಾಕೆ ಎಂದು ತಿರುಗಿ ಕೇಳುವ ಹೆಂಗಸು ಶರಣಬಸಮ್ಮ. ಅವಳ ಬಾಯಿ ಜೋರು ಎನ್ನುವರು. ಜೋರಿದ್ದರೆ ಇರಲಿ, ಸುಳ್ಳಾಡುವ ಬಾಯಿ ಅದಲ್ಲ.

ತವರು ಬೀದರ ಕಡೆಯದು. ಅಲ್ಲಿಯ ಮಠದಲ್ಲಿ ಕಸ ಹೊಡೆಯಲು ಹೋಗುತ್ತಿದ್ದ ಹುಡುಗಿಗೆ ಮುದಿ ಸ್ವಾಮಿಯೊಬ್ಬರು ಓದು ಕಲಿಸಿದ್ದರು. ಮಾಳಿಂಗಪ್ಪನನ್ನು ಮದುವೆಯಾಗಿ ಬರುವಾಗ ಶರಣರ ಕತೆಗಳ ದಪ್ಪ ಪುಸ್ತಕವೊಂದನ್ನು ಉಡಿ ತುಂಬಿದಂತೆ ಸೆರಗಿಗೆ ಹಾಕಿ ಕಳಿಸಿದರು. ರಟ್ಟು ಕಿತ್ತು ಹೋಗಿತ್ತು. ಅವಳು ಅದಕ್ಕೆ ಕಂಬಳಿಯ ತುಂಡು ಹೊಲಿದು ಹೊಸ ಅಂಗಿ ತೊಡಿಸಿದಳು.

ರಾಜ್ಯಗಳನ್ನು ಹಂಚಿದಾಗ ಗಂಡನ ಊರು ಆಂಧ್ರದ ಪಾಲಿಗೆ ಬಂದಿತ್ತು. ಕನ್ನಡ ಮಾಸ್ತರರು ಗಂಟು ಕಟ್ಟಿಕೊಂಡು ಗಡಿಯಾಚೆ ಹೋದರು, ಸಾಲೆ ತೆಲುಗಿಗೆ ತಿರುಗಿತು. ಶರಣಬಸಮ್ಮನಿಗೆ ತೆಲುಗಿನ ಮೇಲೆ ಸಿಟ್ಟಿರಲಿಲ್ಲ. ಸಂತೆಯಲ್ಲಿ ಅವಳು ಜಗಳ ತೆಗೆಯುತ್ತಿದ್ದುದೇ ತೆಲುಗಿನಲ್ಲಿ. ಆದರೆ ಮನೆದೇವರ ಮಾತು ಮೊದಲು, ಸಂತೆಯ ಮಾತು ಆಮೇಲೆ ಎಂಬುದು ಅವಳ ಹಟ. ದೀಪಾವಳಿ ಮುಗಿಯುತ್ತಲೇ ಮೇವು ಹುಡುಕಿ ಕುರಿಹಿಂಡು ಊರು ಬಿಟ್ಟರೆ ಮಳೆಗಾಲಕ್ಕೇ ತಿರುಗಿ ಬರುವುದು. ಮಗ ಗಂಗಾರಾಮ, ಮಗಳು ಪೀರಮ್ಮ ಇಬ್ಬರೂ ಅವಳ ಜೊತೆಗೇ ಹೊರಡುತ್ತಿದ್ದರು.

ಅಡವಿಯಲ್ಲೇ ಅವಳ ಸಾಲೆ. ಮಧ್ಯಾಹ್ನ ಕುರಿಗಳು ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಕಂಬಳಿ ಹಾಸುವಳು. ಮೂವರೂ ಕೈ ತೊಳೆದು, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು, ಮನೆದೇವರು ಬೀರಪ್ಪನನ್ನು ನೆನೆದ ಮೇಲೆಯೇ ಪುಸ್ತಕ ಬಿಚ್ಚುವುದು. ಒಂದು ಕತೆ ಓದು, ಪುಸ್ತಕ ಮುಚ್ಚು, ನಿನ್ನ ಮಾತಿನಲ್ಲಿ ಹೇಳು. ಪಾಠ ಅಷ್ಟೇ. ಹೇಳಲು ಬಾರದಿದ್ದರೆ ಓದಿಲ್ಲವೆಂದೇ ಲೆಕ್ಕ. ಕುರಿ ಮೇದದ್ದು ಮೆಲುಕು ಹಾಕುವಾಗ ಗೊತ್ತಾಗುತ್ತದೆ ಎನ್ನುವಳು. ಅವಳ ಬಲಗೈಯಲ್ಲಿ ಉಣ್ಣೆ ನೂಲುವ ಕದರು ತಿರುಗುತ್ತಿತ್ತು, ಎಡಕ್ಕೆ ಗಂಗಾರಾಮ ಕೂರುತ್ತಿದ್ದ. ಪೀರಮ್ಮನಿಗೆ ಉಳಿದದ್ದು ಎದುರಿನ ಜಾಗ.

ಪೀರಮ್ಮನಿಗೆ ಏಳು ತುಂಬಿದ ವರ್ಷ, ಹಿಂಡು ಹೊರಡುವ ಹೊತ್ತಿಗೆ ಶರಣಬಸಮ್ಮನ ಮಾವ ಕಲ್ಯಾಣಪ್ಪ ಅಡ್ಡ ನಿಂತ. ತೆಲುಗು ಸಾಲೆಯ ಮಾಸ್ತರ ಆತ್ಮಾರಾಮ ಅವನ ಕಿವಿಯಲ್ಲಿ ಮಾತು ಹಾಕಿದ್ದರು. ಮಕ್ಕಳು ಊರಲ್ಲೇ ಉಳಿದು ಸಾಲೆಗೆ ಹೋಗಲಿ, ತಾಯಿ ಬೇಕಾದರೆ ಹಿಂಡಿನ ಜೊತೆ ಹೋಗಲಿ ಎಂದ. ಮಾತು ಬೆಳೆಯಿತು. ಮಾಳಿಂಗಪ್ಪ ಅಪ್ಪನ ಕಡೆಗೂ ನೋಡಲಿಲ್ಲ, ಹೆಂಡತಿಯ ಕಡೆಗೂ ನೋಡಲಿಲ್ಲ, ನಾಯಿಯ ಮೈಯಿಂದ ಉಣ್ಣಿ ಕೀಳುತ್ತಾ ಕೂತ.

"ಕುರಿ ಹಿಂದ ತಿರುಗಿದ್ರ ಕುರಿನೇ ಆಗ್ತಾವ, ಯವ್ವಾ," ಎಂದ ಕಲ್ಯಾಣಪ್ಪ.

"ಹಂಗಾರ ಬೀರಪ್ಪನ ಮುಂದ ಕುಂಡ್ರಿಸಿ ಓದಸ್ರಿ, ಮಾವಾ. ಅವು ಕಣ್ಣಿಲೇ ಕಾಣದ ಪುಸ್ತಕ ತರ್ರಿ. ಓದಲಿಲ್ಲಂದ್ರ ನಾನೇ ಕೈ ಹಿಡದು ಸಾಲಿಗಿ ಬಿಟ್ಟು ಬರ್ತೀನಿ."

ಮಕ್ಕಳಿಲ್ಲದ ಅಡವಿಯನ್ನು ಅವಳು ನೆನೆಯಲಾರಳು. ಆದರೂ ಎಸೆದ ಕಲ್ಲನ್ನು ತಿರುಗಿ ಕರೆಯುವ ಜಾತಿಯಲ್ಲ ಅವಳು.

ಮರುದಿನ ಮುಂಜಾನೆ ಬೀರಪ್ಪನ ಗುಡಿಯ ಕಟ್ಟೆಗೆ ಕುರಿಯವರೆಲ್ಲ ಸೇರಿದರು. ಹಳೆಯ ಮಾಸ್ತರರು ಸಾಲೆಯ ಕಪಾಟಿನಲ್ಲಿ ಬಿಟ್ಟು ಹೋಗಿದ್ದ ಕನ್ನಡ ಪುಸ್ತಕವೊಂದನ್ನು ಆತ್ಮಾರಾಮ ತಂದಿದ್ದರು. ಗಂಗಾರಾಮ ಒಂದು ಪುಟವನ್ನು ಗಾಡಿ ಇಳಿಜಾರಿಗೆ ಬಿದ್ದಂತೆ ಓದಿ ಮುಗಿಸಿದ. ಆಮೇಲೆ ಪುಸ್ತಕ ಪೀರಮ್ಮನ ಕೈಗೆ ಹೋಯಿತು. ಹುಡುಗಿ ಅದನ್ನು ಗರಕ್ಕನೆ ತಿರುಗಿಸಿ ತಲೆಕೆಳಗು ಹಿಡಿದು ಕೂತಳು.

ಕಟ್ಟೆ ತುಂಬ ನಗು ಎದ್ದಿತು. ಮೇಕೆಗೆ ಬಾಲದ ಕಡೆಯಿಂದ ಮೇವು ಹಾಕುತ್ತಾಳೆ ಎಂದು ಯಾರೋ ಅಣಕಿಸಿದರು. ನಗೆಗೀಡಾದದ್ದು ತನ್ನ ಮೊಮ್ಮಗಳೆಂದು ಕಲ್ಯಾಣಪ್ಪನ ಮುಖ ಇಳಿಯಿತು. ಅಕ್ಷರದ ತಲೆ ಯಾವುದು, ಕಾಲು ಯಾವುದು ಎಂದು ಅವನಿಗೆ ಗೊತ್ತಿಲ್ಲ, ಆದರೆ ಪುಸ್ತಕದಲ್ಲಿದ್ದ ಎತ್ತಿನ ಚಿತ್ರ ಅಂಗಾತ ಬಿದ್ದದ್ದು ಅವನಿಗೂ ಕಂಡಿತು.

ಶರಣಬಸಮ್ಮನಿಗೆ ಹೊಳೆದದ್ದು ಆಗಲೇ. ಎದುರಿಗೆ ಕೂತ ಕೂಸಿಗೆ ಪುಸ್ತಕ ಇಷ್ಟು ವರ್ಷವೂ ಹೀಗೇ ಕಂಡಿತ್ತು. ತಾನು ಒಂದು ದಿನವೂ ಆ ಬದಿಗೆ ಹೋಗಿ ನೋಡಿರಲಿಲ್ಲ. ನಾಚಿಕೆ ಕಿವಿಯ ತನಕ ಏರಿತು. ನಾಚಿಕೆಯ ಬೆನ್ನಿಗೇ ಸಿಟ್ಟೂ ಏರಿತು.

ಮಾಸ್ತರರು ಪುಸ್ತಕ ಸರಿಪಡಿಸಲು ಕೈ ಚಾಚಿದರು. ಅವಳು ತಡೆದಳು.

"ಇರಲಿ ಬಿಡ್ರಿ, ಮಾಸ್ತರ. ನಿಮ್ಮ ಸಾಲ್ಯಾಗ ತಲಿಗೊಂದು ಪುಸ್ತಕ. ನಮ್ಮಲ್ಲಿ ಒಂದ ಪುಸ್ತಕಕ್ಕ ಮೂರು ತಲಿ. ಯಾರಾರ ಒಬ್ಬರು ಆ ಕಡಿ ಕೂಡಬೇಕಲ್ರಿ?" ಮಗಳ ಕಡೆ ತಿರುಗಿದಳು. "ಓದವ್ವಾ. ಹೆಂಗ ಕಾಣಸ್ತದ ಹಂಗೇ ಓದು."

ಪೀರಮ್ಮ ಓದಿದಳು. ಮೊದಲ ಸಾಲಿಗೆ ನಗು ಸಣ್ಣದಾಯಿತು, ನಾಲ್ಕನೆಯದಕ್ಕೆ ನಿಂತೇ ಹೋಯಿತು. ಬಾವಿಗೆ ಬಿದ್ದ ಮೇಕೆಯನ್ನು ಮುದುಕಿಯೊಬ್ಬಳು ಮೇಲೆತ್ತಿದ ಕತೆ ಅದು. ಮುಗಿಯುತ್ತಲೇ, ರೂಢಿಯಂತೆ, ಪುಸ್ತಕ ಮುಚ್ಚಿ ಹೇಳತೊಡಗಿದಳು. ಬಾವಿಯ ಪಾಚಿ, ಮುದುಕಿಯ ಹಗ್ಗ, ಮೇಕೆಯ ಒದರಾಟ ಯಾವುದನ್ನೂ ಬಿಡಲಿಲ್ಲ. ಕೊನೆಗೆ ಅಜ್ಜನ ಮುಖ ನೋಡಿದಳು.

"ಆದ್ರ ಅಜ್ಜಾ, ಕೊಂಬಿಗಿ ಹಗ್ಗ ಕಟ್ಟಿ ಎತ್ತಿದಳಂತ. ಕೊಂಬು ಕಿತ್ತು ಬರಂಗಿಲ್ಲೇನು? ಇದನ್ನ ಬರದಾಂವ ಮ್ಯಾಕಿ ಸಾಕಿಲ್ಲ."

ಓದಿದ್ದು ಸರಿಯೋ ತಪ್ಪೋ ಕಲ್ಯಾಣಪ್ಪನಿಗೆ ತಿಳಿಯುವಂತಿರಲಿಲ್ಲ. ಆದರೆ ಇದು ಅವನಿಗೆ ತಿಳಿಯುವ ಮಾತು. ಕೂಸು ಅಕ್ಷರವನ್ನು ನುಂಗಿಲ್ಲ, ಮೆಲುಕು ಹಾಕಿದೆ. ಅವನು ಎದ್ದು ಗುಡಿಯೊಳಗಿನಿಂದ ಭಂಡಾರ ತಂದು ಮೊಮ್ಮಕ್ಕಳ ಹಣೆಗೆ ಬಳಿದ. ಸೊಸೆಯ ಕಡೆ ನೋಡದೆ, "ಹಿಂಡಿನ ಜೋಡಿ ಹೋಗ್ಲಿ," ಎಂದ. ಆತ್ಮಾರಾಮ ನಕ್ಕು, ಆ ಪುಸ್ತಕವೂ ಹುಡುಗಿಯ ಹತ್ತಿರವೇ ಇರಲಿ, ಕಪಾಟಿನಲ್ಲಿ ಗೆದ್ದಲಿಗೆ ಯಾಕೆ ಎಂದರು.

ಮೊದಲ ತಂಗುವಿಕೆ ಹಳ್ಳದ ದಂಡೆಯಲ್ಲಿ. ಮಧ್ಯಾಹ್ನ ಕಂಬಳಿ ಹಾಸಿ, ಭಂಡಾರ ಹಚ್ಚಿಯಾದ ಮೇಲೆ ಶರಣಬಸಮ್ಮ ಶರಣರ ಪುಸ್ತಕ ಬಿಚ್ಚಿ, ಮಗಳನ್ನು ತನ್ನ ಮಗ್ಗುಲಿಗೆ ಕರೆದಳು. ಇನ್ನಾದರೂ ತಪ್ಪು ತಿದ್ದಬೇಕಿತ್ತು. ಪೀರಮ್ಮ ಅಲುಗಲಿಲ್ಲ.

"ನಾ ಬರಂಗಿಲ್ಲ. ಬೇಕಾದ್ರ ನೀನೇ ಈ ಕಡಿ ಬಾ."

ಯಾರ ಹೊಟ್ಟೆಯಲ್ಲಿ ಹುಟ್ಟಿದ ಹಟ ಇದು ಎಂದು ಕೇಳುವ ಮುಖ ಅವಳಿಗಿರಲಿಲ್ಲ. ಕದರು ಎತ್ತಿಕೊಂಡು ಎದುರಿಗೆ ಹೋಗಿ ಕೂತಳು. ದಿನವೂ ಓದಿಸುತ್ತಿದ್ದ ಪುಸ್ತಕವೇ ಗುರುತು ಹತ್ತಲಿಲ್ಲ. ಅಕ್ಷರಗಳೆಲ್ಲ ಕಾಲು ಮೇಲೆ ಮಾಡಿ ಮಲಗಿದ್ದವು. ಮೊದಲ ಸಾಲಿನಲ್ಲೇ, ಆಗತಾನೇ ಹುಟ್ಟಿದ ಮರಿಯಂತೆ, ಎದ್ದು ಎಡವಿ ಬಿದ್ದಳು. ಗಂಗಾರಾಮ ನಗು ಮುಚ್ಚಲು ಕುರಿಗಳ ಕಡೆ ಮುಖ ತಿರುಗಿಸಿದ.

"ನಿದಾನಕ್ಕ ಓದವ್ವಾ," ಎಂದಳು ಪೀರಮ್ಮ, ಸಾಲಿನ ಕೆಳಗೆ ಬೆರಳಿಟ್ಟು. "ಆಮ್ಯಾಲ ಮುಚ್ಚಿ ಹೇಳಬೇಕು."