ಎದುರುಬದುರು ಕೊಟ್ಟ ಮನೆಗಳು

ಎಂಬತ್ತರ ದಶಕದಲ್ಲಿ ನಾನು ಚಿಕ್ಕೋಡಿಯ ಒಂದು ಸರಕಾರಿ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸಕ್ಕಿದ್ದೆ. ಇಡೀ ಕಚೇರಿಗೆ ನಾನೊಬ್ಬಳೇ ಹೆಂಗಸು. ಇವಳ ಗೆರೆ ನೇರ, ನಾಲಿಗೆ ಅದಕ್ಕಿಂತ ನೇರ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಸುಳ್ಳೇನಲ್ಲ. ಆದರೆ ಆ ನೇರ ಗೆರೆ ಒಮ್ಮೆ ಇಬ್ಬರು ಹೆಂಗಸರ ನಡುವೆ ಹಾದುಹೋಯಿತು. ಅದನ್ನು ಅಳಿಸುವ ರಬ್ಬರು ನನಗೆ ಇನ್ನೂ ಸಿಕ್ಕಿಲ್ಲ.

ರಾಯಬಾಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಒಂದು ಊರು. ಹೊಳೆ ತುಂಬಿದರೆ ಕೆಳಗಿನ ಓಣಿಗೆ ನೀರು ನುಗ್ಗುತ್ತಿತ್ತು. ಆ ಓಣಿಯನ್ನು ಎತ್ತರದ ಜಾಗಕ್ಕೆ ಸಾಗಿಸಬೇಕೆಂದು ಸರಕಾರ ಠರಾಯಿಸಿತು. ಕಬ್ಬಿನ ಹೊಲಗಳ ಆಚೆಗಿನ ಎತ್ತರದ ಮಡ್ಡಿ ನೆಲದಲ್ಲಿ ಹೊಸ ಓಣಿಗಳ ನಕಾಶೆ ಬರೆಯುವುದು ನನ್ನ ಪಾಲಿಗೆ ಬಂತು. ಅದಕ್ಕೂ ಮೊದಲು ಹಳೆಯ ಮನೆಗಳನ್ನು ಅಳೆಯಬೇಕಿತ್ತು. ಗಂಡಸರು ಟೇಪು ಹಿಡಿದು ಹೋದರೆ ಯಾರೂ ಹಿತ್ತಲ ಬಾಗಿಲು ತೆಗೆಯುತ್ತಿರಲಿಲ್ಲ. ಹಾಗಾಗಿ ನಾನೇ ಹೋದೆ. ರಾಯಬಾಗದಲ್ಲಿ ಬಸ್ಸಿಳಿದು, ಕಬ್ಬು ಇಳಿಸಿ ಬರಿದಾಗಿ ಮರಳುವ ಟ್ರ್ಯಾಕ್ಟರಿನಲ್ಲಿ ಕುಲುಕಾಡುತ್ತ, ಎರಡು ತಿಂಗಳು.

ಆ ಇಬ್ಬರು ಸಿಕ್ಕಿದ್ದು ಅಲ್ಲಿಯೇ. ಒಬ್ಬಾಕೆ ಜೈನರ ಮನೆಯ ಸೊಸೆ, ಇನ್ನೊಬ್ಬಾಕೆ ಮಗ್ಗುಲಿನ ಲಿಂಗಾಯತರ ಮನೆಯ ಸೊಸೆ. ಇಬ್ಬರಿಗೂ ಮೂವತ್ತರ ಆಸುಪಾಸು, ನಡುವೆ ಎದೆಮಟ್ಟದ ಹಿತ್ತಲಗೋಡೆ. ಆ ಗೋಡೆಯ ಮೇಲಿಂದ ಏನು ದಾಟುತ್ತಿರಲಿಲ್ಲ ಹೇಳಿ! ಹೆಪ್ಪಿನ ಮಜ್ಜಿಗೆ, ಅಳುವ ಕೂಸು, ಅತ್ತೆಯರ ಮೇಲಿನ ದೂರು. ಜೈನರಾಕೆ ಬಳ್ಳೊಳ್ಳಿ ತಿನ್ನುವುದಿಲ್ಲವೆಂದು ಈಚೆಯ ಲಿಂಗಾಯತರಾಕೆ ಶೇಂಗಾ ಚಟ್ನಿಯ ಹಿಂಡಿಯನ್ನು ಎರಡು ಸಲ ಕುಟ್ಟುತ್ತಿದ್ದಳು. ಮೊದಲು ಗೆಳತಿಯದು, ಆಮೇಲೆ ಮನೆಯದು. ಹೊತ್ತು ಮುಳುಗುವುದರೊಳಗೆ ಉಣ್ಣಬೇಕಾದ ಆಕೆ ಕೆಲಸದಲ್ಲಿ ಮೈಮರೆತರೆ ಈಚೆಯಿಂದ ಕೂಗು ಬರುತ್ತಿತ್ತು: “ಏ, ಹೊತ್ತ ಮುಳಗಾಕತ್ತೈತಿ! ಉಂಡೇನ ಇಲ್ಲೊ?”

ಚಿಕ್ಕೋಡಿಯ ನನ್ನ ಬಾಡಿಗೆ ಖೋಲಿಯಲ್ಲಿ ಉಂಡೆನೋ ಬಿಟ್ಟೆನೋ ಕೇಳುವವರಿರಲಿಲ್ಲ. ಆ ಎರಡು ಮನೆಗಳ ಅಳತೆ ಒಂದು ಮಧ್ಯಾಹ್ನಕ್ಕೆ ಮುಗಿದಿತ್ತು. ನಾನು ಮಾತ್ರ ಮತ್ತೆ ಮತ್ತೆ ಹೋಗುತ್ತಿದ್ದೆ. “ಬಾಯಾರ, ನಮ್ಮ ಗ್ವಾಡಿ ದಿನಾ ಬೆಳಿತೈತೇನ್ರಿ?” ಎಂದು ಇಬ್ಬರೂ ನಗುತ್ತಿದ್ದರು. ನಕ್ಕು ರೊಟ್ಟಿ ಕೊಡುತ್ತಿದ್ದರು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸುಖವಾಗಿ ನಾನು ಎಲ್ಲಿಯೂ ಕುಳಿತಿಲ್ಲ. ಈಗಲೂ ಮಧ್ಯಾಹ್ನ ಒಬ್ಬಳೇ ಉಣ್ಣುವಾಗ ಆ ಹಿತ್ತಲು ಬೇಕೆನಿಸುತ್ತದೆ.

ಹೊಸ ಜಾಗಗಳನ್ನು ಚೀಟಿ ಎತ್ತಿ ಹಂಚುವುದೆಂದು ನಿಯಮ ಬಂತು. ಸುದ್ದಿ ಕೇಳಿದ ದಿನ ಇಬ್ಬರೂ ನನ್ನ ಮುಂದೆ ಬಂದು ಕುಳಿತರು. “ಹೊಳಿ ಬಂದ್ರ ಹೆಂಗರ ಬದಕ್ತೀವ್ರಿ ಬಾಯಾರ,” ಎಂದಳು ಜೈನರಾಕೆ, “ನಮ್ಮಿಬ್ಬರನ್ನ ಮಾತ್ರ ಅಗಲಸಬ್ಯಾಡ್ರಿ.”

ನಾನು ಸಾಹೇಬರ ಬೆನ್ನುಬಿದ್ದೆ. “ಎರಡು ಮನಿಯವರು ಕೂಡಿ ಅರ್ಜಿ ಕೊಟ್ರ ಜೋಡಿ ಚೀಟಿ ಮಾಡ್ರಿ, ನನ್ನ ತಲಿ ತಿನಬ್ಯಾಡ್ರಿ,” ಎಂದರು ಒಂದು ದಿನ ಬೇಸತ್ತು. ಅರ್ಜಿಗೆ ಗಂಡಂದಿರ ಸಹಿಯನ್ನು ಆ ಹೆಂಗಸರು ಹೇಗೆ ಹಾಕಿಸಿದರೋ, ಹಾಕಿಸಿದರು. ಯಾವ ಎರಡು ಜಾಗ ಜೋಡಿ ಎಂದು ಗುರುತು ಮಾಡುವುದು ನನ್ನ ಪೆನ್ಸಿಲಿಗೆ ಬಿಟ್ಟದ್ದು. ಮಗ್ಗುಲು ಮಗ್ಗುಲಿನ ಜಾಗಗಳೆಲ್ಲ ಅಷ್ಟರಲ್ಲಿ ಪಾಲಾಗಿ ಬೇರೆಯಾದ, ಜೋಡಿ ಅರ್ಜಿ ಕೊಟ್ಟ ಅಣ್ಣತಮ್ಮಂದಿರಿಗೆ ಹೋಗಿದ್ದವು. ಉಳಿದದ್ದು ಎರಡೇ ಬಗೆ: ಹಿತ್ತಲಿಗೆ ಹಿತ್ತಲು ತಾಗಿದ ಜೋಡಿ, ಇಲ್ಲವೇ ರಸ್ತೆಯ ಎರಡು ಬದಿಗೆ ಬಾಗಿಲಿಗೆ ಬಾಗಿಲಾದ ಜೋಡಿ.

ನಾನು ಬಾಗಿಲಿಗೆ ಬಾಗಿಲು ಕೊಟ್ಟೆ. ಗೆಳತಿಯರ ಮನೆಗಳು ಬೆನ್ನಿಗೆ ಬೆನ್ನು ಹಾಕಿ ಯಾಕೆ ಕೂರಬೇಕು, ಮುಖ ನೋಡಿಕೊಂಡಿರಲಿ ಎಂಬ ಜಾಣತನ ನನ್ನದು. ಕಾಗದದ ಮೇಲೆ ಎಷ್ಟು ಚಂದ ಕಂಡಿತು! ಅವರಿಗೆ ತೋರಿಸಿದೆ. ನಕಾಶೆ ತಿಳಿಯಲಿಲ್ಲ, ಎದುರುಬದುರು ಎಂದದ್ದು ತಿಳಿಯಿತು. “ಬಾಗಿಲಾ ತಗದ್ರ ಇಕಿ ಮಾರಿ!” ಎಂದು ಲಿಂಗಾಯತರಾಕೆ ಖುಷಿಗೆ ನನ್ನ ಗಲ್ಲ ಹಿಂಡಿದಳು. ಮೂವರೂ ಹೆಂಗಸರು, ಮೂವರೂ ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಒಬ್ಬರಿಗಾದರೂ ಹೊಳೆಯಬಾರದಿತ್ತೇ?

ಅವರು ಮನೆ ಕಟ್ಟುವ ಹೊತ್ತಿಗೆ ನನಗೆ ಅಥಣಿಗೆ ವರ್ಗವಾಯಿತು. ಮತ್ತೆ ಆ ಊರಿಗೆ ಹೋದದ್ದು ತೊಂಬತ್ತರ ದಶಕದಲ್ಲಿ, ಯಾರದೋ ಜಾಗದ ತಕರಾರಿನ ಸಲುವಾಗಿ. ದಾರಿಯುದ್ದಕ್ಕೂ ಆ ಇಬ್ಬರ ನಗುವನ್ನೇ ನೆನೆಯುತ್ತಿದ್ದೆ. ಹೋಗಿ ನೋಡಿದರೆ ನಾನು ಬರೆದ ರಸ್ತೆ ಬರೆದಷ್ಟೇ ಅಗಲ. ಎರಡು ಬದಿಗೂ ಬೇರೆ ಬೇರೆ ನಳ. ಮುಂದಿನ ಕಟ್ಟೆಗಳ ಮೇಲೆ ಮಾವಂದಿರು, ಮೈದುನರು ಚಹಾ ಕುಡಿಯುತ್ತ ಕಬ್ಬಿನ ತೂಕದ ಮಾತಾಡುತ್ತಿದ್ದರು. ನಾನು ತಲೆತಗ್ಗಿಸಿ ಲಿಂಗಾಯತರ ಮನೆಯ ಒಳಗೆ ಹೋದೆ.

ಆಕೆ ಬಂದು ತಬ್ಬಿಕೊಂಡಳು. “ಗೆಳತಿ ಹೆಂಗದಾಳ?” ಎಂದೆ.

“ಅದಾಳ್ರಿ. ದಿನಾ ಕಾಣತಾಳ.” ಸೆರಗಿಗೆ ಕೈ ಒರೆಸಿಕೊಂಡಳು. “ಗಂಡಸರು ಕುಂತಿರ್ತಾರ, ಹೊಸ್ತಿಲದಾಗ ನಿಂತ ಏನ ಮಾತಾಡೂದ್ರಿ? ರಸ್ತೆ ದಾಟಬೇಕಂದ್ರ ಎಲ್ಲಿಗಿ ಅಂತಾರ ಮಾವಾರು. ಏನರ ನೆವಾ ಬೇಕ್ರಿ. ಗ್ವಾಡಿಗಿ ನೆವಾ ಬೇಕಿದ್ದಿಲ್ಲ. ಹಬ್ಬಕ್ಕೊಮ್ಮೆ ಹೋಗತೀನಿ, ಮಂದ್ಯಾಗ ಕುಂತ ಬರತೀನಿ.”

“ಹಿತ್ತಲಾಚೆ?”

“ಬ್ಯಾರೆ ಮಂದಿ ಅದಾರ. ಛಲೋ ಮಂದಿನ.”

ನನಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹಿತ್ತಲು ತಾಗಿದ ಜಾಗವೂ ಆಗ ಇತ್ತು, ನಾನೇ ಬಿಟ್ಟೆ ಎಂದು ಹೇಳಿಬಿಟ್ಟೆ. ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಕತೆ. ಆಕೆ “ಇತ್ತೇನ್ರಿ?” ಎಂದಳು. ನನ್ನ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಸುರಿದು, “ಆಕಿಗಿ ಹೇಳಬ್ಯಾಡ್ರಿ. ಬಾಯಾರು ನಮ್ಮನ್ನ ಕೂಡಿಸಿ ಕೊಟ್ರಂತ ಇನ್ನೂ ನಿಮ್ಮ ಹೆಸರ ಹೇಳತಾಳ,” ಎಂದಳು.

ಸರಕಾರಿ ಹೆಂಗಸು ರಸ್ತೆ ದಾಟಿದರೆ ಯಾರೂ ಎಲ್ಲಿಗೆ ಎನ್ನಲಿಲ್ಲ. ಜೈನರಾಕೆ ನನ್ನನ್ನು ಅಡುಗೆಮನೆಗೆ ಕರೆದೊಯ್ದು ಮಣೆ ಹಾಕಿದಳು, ಎರಡೂ ಕೈ ಹಿಡಿದುಕೊಂಡಳು. ನೀವಿರದಿದ್ದರೆ ನಾವು ಎಲ್ಲೆಲ್ಲಿ ಬೀಳುತ್ತಿದ್ದೆವೋ ಎಂದಳು. ಹಿತ್ತಲಿನ ಜೋಡಿಯ ಮಾತನ್ನು ನಾನು ಎತ್ತಲಿಲ್ಲ. ಆಮೇಲೆ ಒಂದು ಸಲ ಹೊರಗಿನ ಕಟ್ಟೆಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು:

“ಈಗ ಆಕಿ ಮನಿಗಿ ಹೋಗಿದ್ರಲ್ಲ. ಹೆಂಗದಾಳ್ರಿ ಖರೇನ? ಮದಲಿನಂಗ ನಗತಾಳೇನ್ರಿ?”

ಕಂಡಷ್ಟು ಹೇಳಿದೆ. ಕೂದಲು ನೆರೆತದ್ದು, ತಬ್ಬಿಕೊಂಡದ್ದು, ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದ್ದು. ನನ್ನ ಬಸ್ಸಿಗೆ ಹೊತ್ತಾಗುತ್ತಿತ್ತು. ಆಕೆ ಕೈ ಬಿಡಲಿಲ್ಲ.

“ಇನ್ನೂ ಹೇಳ್ರಿ,” ಎಂದಳು.