ತನ್ನವರ ಮೇಲೆ ಎತ್ತಿದ ಬಾವುಟ

ನಮ್ಮ ಜಿಲ್ಲಾ ಫುಟ್‌ಬಾಲ್ ಲೀಗಿನ ಕೊನೆಯ ದರ್ಜೆಯಲ್ಲಿ ಹುಟ್ಟಿನಿಂದಲೂ ಒಂದು ಪದ್ಧತಿಯಿದೆ. ಲೀಗಿನವರು ರೆಫರಿಯನ್ನು ಮಾತ್ರ ಕಳಿಸುತ್ತಾರೆ. ಗೆರೆಯ ಬಳಿ ನಿಂತು, ಆಫ್‌ಸೈಡಿನಂಥ ತಪ್ಪು ಕಂಡರೆ ಬಾವುಟ ಎತ್ತಲು ಎರಡೂ ತಂಡಗಳು ತಮ್ಮವನೊಬ್ಬನನ್ನು ಕೊಡಬೇಕು. ತನ್ನವರ ವಿರುದ್ಧ ಬಾವುಟ ಎತ್ತಿದವನನ್ನು ಈ ಲೀಗು ಕಂಡಿರಲಿಲ್ಲ. ಅದಕ್ಕೆ ಅಭಿಮಾನವೆಂದು ಹೆಸರಿಟ್ಟು ನಾವೆಲ್ಲ ಕೈತೊಳೆದುಕೊಂಡಿದ್ದೆವು.

ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಬನ್ನಣ್ಣನೂ ವರ್ಷಗಟ್ಟಲೆ ಹಾಗೆಯೇ ಬಾವುಟ ಹಿಡಿದವನು. ಅಂದು ಋತುವಿನ ಕೊನೆಯ ಪಂದ್ಯ. ಗೆಲ್ಲದಿದ್ದರೆ ಅವನ ತಂಡ ಲೀಗಿನಿಂದಲೇ ಹೊರಗೆ. ಆಟ ಸಮಸಮ, ಇನ್ನೇನು ರೆಫರಿ ಕೊನೆಯ ಸೀಟಿ ಊದಬೇಕು, ಅಷ್ಟರಲ್ಲಿ ಅವನ ಹೆಂಡತಿಯ ತಮ್ಮ ಚೆಂಡನ್ನು ಬಲೆಗೆ ನುಗ್ಗಿಸಿದ. ಮೈದಾನವೇ ಕುಣಿಯಿತು.

ಜೊತೆಯವನು ಅವನಿಗೆ ಚೆಂಡು ಒದ್ದಾಗಲೇ ಹುಡುಗ, ಗೋಲಿಯೊಬ್ಬನನ್ನು ಬಿಟ್ಟು, ಎದುರಾಳಿಗಳೆಲ್ಲರಿಗಿಂತ ಒಂದು ಮಾರು ಮುಂದಿದ್ದ. ಶುದ್ಧ ಆಫ್‌ಸೈಡ್.  ರೆಫರಿ ಬನ್ನಣ್ಣನತ್ತಲೇ ನೋಡುತ್ತಿದ್ದ.

“ಬನ್ನಣ್ಣಾ, ಕೈ ಕೆಳಗೇ ಇರ್ಲಿ!” ಕೋಚ್ ಕಿರುಚಿದ.

ಬನ್ನಣ್ಣ ಬಾವುಟ ಎತ್ತಿದ. ಗೋಲು ರದ್ದಾಯಿತು.

ಹುಡುಗ ಉರಿದುಕೊಂಡು ಓಡಿಬಂದ. “ತಲೆ ಕೆಟ್ಟಿದ್ಯಾ ಭಾವ? ಅದು ನಮ್ಮ ಗೋಲು!”

“ನೀನು ಮುಂದಿದ್ದೆ ಕಣೋ.”

“ಯಾರೂ ನೋಡಿರ್ಲಿಲ್ವಲ್ಲ!”

“ನಾನು ನೋಡ್ದೆ. ನನ್ನನ್ನ ಇಲ್ಲಿ ನಿಲ್ಲಿಸಿರೋದು ಮತ್ಯಾಕೆ?”

“ನೋಡ್ದೇ ಇರೋಕೆ!”

ಕೊನೆಯ ಸೀಟಿ ಮೊಳಗಿತು. ತಂಡ ಲೀಗಿನಿಂದ ಹೊರಬಿತ್ತು. ಹುಡುಗ ಭಾವನ ಮುಖವನ್ನೂ ನೋಡದೆ ನಡೆದುಬಿಟ್ಟ. ಎದುರು ತಂಡದವರೆಲ್ಲ ಬನ್ನಣ್ಣನಿಗೆ ಚಪ್ಪಾಳೆ ತಟ್ಟಿದರು. ಅವರ ಬಾವುಟದವನೊಬ್ಬ ಮಾತ್ರ ತಲೆ ಎತ್ತಲಿಲ್ಲ.